ಕ್ಯಾನ್ಸಸ್‌ನ ಹಳ್ಳದಲ್ಲಿ ಗಾಳ ಹಾಕುವ ಮುಂಚೆ

ಅಮೆರಿಕದ ಕ್ಯಾನ್ಸಸ್ ರಾಜ್ಯದ ವಿಚಿಟಾಕ್ಕೋ ಓವರ್‌ಲ್ಯಾಂಡ್ ಪಾರ್ಕ್‌ಗೋ ಹೊಸದಾಗಿ ಬಂದವರು ಮೀನು ಹಿಡಿಯುವ ಮಾತೆತ್ತಿದರೆ ಎಲ್ಲರೂ ದೊಡ್ಡ ಜಲಾಶಯಗಳ ಕಡೆ ಕೈ ತೋರಿಸುತ್ತಾರೆ. ನಾನು ಹೇಳುವುದು ಫ್ಲಿಂಟ್ ಹಿಲ್ಸ್ ಅನ್ನುವ ಹುಲ್ಲುಗುಡ್ಡಗಳ ಸಣ್ಣ ಹಳ್ಳಗಳಿಗೆ ಹೋಗಿ ಅಂತ. ದೋಣಿ ಬೇಡ, ದುಬಾರಿ ಸಾಮಾನೂ ಬೇಡ. ಅಲ್ಲಿ ಒಂದಿಷ್ಟು ಮಣ್ಣು ಕೆದಕಿದರೆ ಸುಣ್ಣದ ಕಲ್ಲು, ಚಕಮಕಿ ಕಲ್ಲು. ನೇಗಿಲು ಇಳಿಯಲಿಲ್ಲ, ಹುಲ್ಲುಗಾವಲು ಉಳಿಯಿತು. ಉಳುಮೆ ಇಲ್ಲದ ಕಡೆ ಮಣ್ಣು ಕೊಚ್ಚಿ ಬರುವುದು ಕಡಿಮೆ. ಅದಕ್ಕೇ ಮಳೆ ಇಲ್ಲದ ದಿನ ನೀರು ತಿಳಿಯಾಗಿದ್ದು, ತಳದ ಜಲ್ಲಿ ಕಾಣುತ್ತದೆ.

ಆದರೆ ಗಾಳಕ್ಕಿಂತ ಮೊದಲು ಬೇಕಾದದ್ದು ಅನುಮತಿ. ನಮ್ಮೂರ ಕಡೆ ಹಳ್ಳಕ್ಕೆ ಇಳಿದರೆ ಯಾರೂ ಏನೂ ಕೇಳುವುದಿಲ್ಲ, ಅಲ್ವಾ? ಇಲ್ಲಿ ಹಾಗಲ್ಲ. ಕ್ಯಾನ್ಸಸ್ ರಾಜ್ಯದಲ್ಲಿ ಸಾರ್ವಜನಿಕರಿಗೆ ಸೇರಿದ್ದು ಅನ್ನಬಹುದಾದ ನದಿಗಳು ಮೂರೇ: ಕ್ಯಾನ್ಸಸ್, ಅರ್ಕಾನ್ಸಾಸ್, ಮಿಸೌರಿ. ಉಳಿದ ಹೊಳೆ, ಹಳ್ಳಗಳ ತಳವೂ ಪಕ್ಕದ ಜಮೀನಿನವರದ್ದೇ. ಸೇತುವೆ ಪಕ್ಕ ಇಳಿದು ನೀರಲ್ಲೇ ನಡೆದು ಹೋದರೂ ಅದು ಅತಿಕ್ರಮವೇ. ಜೇಬಲ್ಲಿರುವ ಲೈಸೆನ್ಸ್ ಮೀನು ಹಿಡಿಯುವುದಕ್ಕೆ, ಇನ್ನೊಬ್ಬರ ಜಮೀನಿಗೆ ಕಾಲಿಡುವುದಕ್ಕಲ್ಲ. ಬೇಲಿ ಕಂಬಕ್ಕೆ ನೇರಳೆ ಬಣ್ಣ ಬಳಿದಿದ್ದರೆ ಬಾಯಿಮಾತು ಸಾಲದು, ಬರೆದುಕೊಟ್ಟ ಅನುಮತಿಯೇ ಬೇಕು.

ಕೇಳುವುದು ಕಷ್ಟವೇನಲ್ಲ. ನಮಗೆ ಸಂಕೋಚ ಜಾಸ್ತಿ, ಅಷ್ಟೇ. ಹಗಲು ಹೊತ್ತು ಹೋಗಿ ಬಾಗಿಲು ತಟ್ಟಿ. ಹೆಸರು, ಎಲ್ಲಿ ಕೆಲಸ, ಎಷ್ಟು ಜನ ಬರುತ್ತೀರಿ, ಎಷ್ಟು ಹೊತ್ತಿಗೆ ಹೊರಡುತ್ತೀರಿ ಎಲ್ಲ ನೀವೇ ಹೇಳಿಬಿಡಿ. ಮಗುವನ್ನು ಕರೆದುಕೊಂಡು ಹೋದರೆ ಕೆಲಸ ಬೇಗ ಆಗುತ್ತದೆ. ಎರಡು ಕಾರು ತುಂಬ ಹೋದರೆ ಯಾರಾದರೂ ಬೇಡ ಅಂತಾರೆ. ಒಳಗೆ ಹೋದ ಮೇಲೆ ಗೇಟು ಮುಚ್ಚಿದ್ದರೆ ಮುಚ್ಚಿ, ತೆರೆದಿದ್ದರೆ ತೆರೆದೇ ಬಿಡಿ. ದನ ರಸ್ತೆಗೆ ಬಂತೋ, ಆ ಮನೆ ಬಾಗಿಲು ನಿಮಗೊಬ್ಬರಿಗೇ ಅಲ್ಲ, ನಿಮ್ಮ ಹಿಂದೆ ಬರುವವರಿಗೂ ಮುಚ್ಚಿತು. ಮಾರ್ಚ್, ಏಪ್ರಿಲ್‌ನಲ್ಲಿ ಹೊಸ ಹುಲ್ಲು ಬರಲಿ ಅಂತ ಗುಡ್ಡಕ್ಕೆ ಬೆಂಕಿ ಹಾಕುತ್ತಾರೆ. ಆಗ ಫೋನ್ ಮಾಡದೆ ಹೋಗಬೇಡಿ. ದೀಪಾವಳಿಗೆ ಒಂದು ಡಬ್ಬಿ ಮೈಸೂರು ಪಾಕ್ ತಲುಪಿಸಿದರೆ ಮುಂದಿನ ವರ್ಷದ ಅನುಮತಿಯೂ ಹೆಚ್ಚುಕಡಿಮೆ ಸಿಕ್ಕ ಹಾಗೇ.

ಯಾರ ಮನೆ ಬಾಗಿಲೂ ತಟ್ಟಲಾರೆ ಅನ್ನುವವರಿಗೆ ವಾಕ್-ಇನ್ ಫಿಶಿಂಗ್ ಜಾಗಗಳಿವೆ. ರಾಜ್ಯದ ವನ್ಯಜೀವಿ ಇಲಾಖೆ ಖಾಸಗಿ ಕೆರೆ, ಹಳ್ಳಗಳನ್ನು ಗುತ್ತಿಗೆಗೆ ಹಿಡಿದು ಜನರಿಗೆ ಬಿಟ್ಟಿದೆ; ನಕ್ಷೆ ಇಲಾಖೆಯ ಸೈಟಿನಲ್ಲೇ ಸಿಗುತ್ತದೆ. ಸ್ಟ್ರಾಂಗ್ ಸಿಟಿ ಹತ್ತಿರ 1996ರಲ್ಲಿ ಆದ ಟಾಲ್‌ಗ್ರಾಸ್ ಪ್ರೈರಿ ನ್ಯಾಷನಲ್ ಪ್ರಿಸರ್ವ್ ಅನ್ನುವ ಸಂರಕ್ಷಿತ ಹುಲ್ಲುಗಾವಲು ಇದೆ. ಫಾಕ್ಸ್ ಕ್ರೀಕ್ ಅನ್ನುವ ಹಳ್ಳ ಅದರೊಳಗೇ ಹರಿಯುತ್ತದೆ. ಅಲ್ಲಿ ಹಿಡಿದ ಮೀನನ್ನು ಬಿಟ್ಟು ಬರಬೇಕು. ಮೀನು ತಿನ್ನದ ಮನೆಯವರೂ ಗಾಳ ಹಿಡಿದು ಕೂರುವುದನ್ನು ನಾನು ನೋಡಿದ್ದೇನೆ. ಅವರಿಗೆ ಇದೇ ಸರಿ.

ಲೈಸೆನ್ಸ್ ವಿಷಯ ಬೇಗ ಮುಗಿಸುತ್ತೇನೆ. 16 ತುಂಬಿದವರಿಗೆ ಬೇಕು. ರಾಜ್ಯದಲ್ಲಿ 60 ದಿನ ನೆಲೆಸಿದ ಮೇಲೆ ಇಲ್ಲಿಯವರ ದರ ಸಿಗುತ್ತದೆ. ಕೊಂಡ ದಿನದಿಂದ 365 ದಿನ ನಡೆಯುತ್ತದೆ. ವಯಸ್ಸಾದವರಿಗೆ ಇರುವ ವಿನಾಯಿತಿ ಇಲ್ಲಿ ನೆಲೆಸಿದವರಿಗೆ ಮಾತ್ರ. ಊರಿಂದ ಬಂದ ಅಪ್ಪ ಗಾಳ ಹಿಡಿಯುವುದಾದರೆ ಅವರಿಗೂ ಒಂದು ಮಾಡಿಸಿ. ಜೂನ್ ಮೊದಲ ಶನಿವಾರ, ಭಾನುವಾರ ಸಾಮಾನ್ಯವಾಗಿ ಎಲ್ಲರಿಗೂ ಉಚಿತ.

ಸಾಮಾನು ಅಂದರೆ ಐದಾರು ಅಡಿಯ ಹಗುರ ಕೋಲು, ತೆಳು ತಂಗೂಸಿ, 8 ಅಥವಾ 10ನೇ ನಂಬರಿನ ಸಣ್ಣ ಕೊಕ್ಕೆ, ಅರ್ಧ ಎರೆಹುಳು. ದೊಡ್ಡ ಕೊಕ್ಕೆ ಹಾಕಿದರೆ ಇಲ್ಲಿನ ಸನ್‌ಫಿಶ್ ಅನ್ನುವ ಸಣ್ಣ ಬಾಯಿಯ ಮೀನು ಹುಳುವನ್ನು ಕಿತ್ತು ತಿಂದು ಹೋಗುತ್ತದೆ. ಕೊಕ್ಕೆ ಅದರ ಬಾಯಿಗೆ ಸಿಕ್ಕಿಕೊಳ್ಳುವುದಿಲ್ಲ. ಜಲ್ಲಿ ಮೇಲೆ ಓಡುವ ನೀರನ್ನು ಬಿಡಿ. ಅದು ಮಡುವಿಗೆ ಬೀಳುವ ಜಾಗ, ದಡ ಕೊರೆದು ಬೇರು ಹೊರಬಂದ ಜಾಗ, ನೆರಳು ಬಿದ್ದ ಬಂಡೆಯ ಪಕ್ಕ ನೋಡಿ. ನಿಮ್ಮ ನೆರಳು ನೀರಿಗೆ ಬೀಳದಂತೆ ನಿಲ್ಲಿ.

ಬೇಸಿಗೆಯ ಶುರುವಿನಲ್ಲಿ ಕಾಲಿಡುವಾಗ ತಳ ನೋಡಿಕೊಳ್ಳಿ. ಜಲ್ಲಿಯಲ್ಲಿ ತಟ್ಟೆಯಷ್ಟಗಲ ಗುಂಡಗೆ, ಪಾಚಿ ಇಲ್ಲದೆ ಚೊಕ್ಕಟವಾಗಿ ಗುಡಿಸಿದಂಥ ತಗ್ಗು ಕಂಡರೆ ಅದು ಸನ್‌ಫಿಶ್‌ನ ಗೂಡು. ಗಂಡು ಮೇಲೆ ನಿಂತು ಬಾಲ ಬೀಸುತ್ತಿರುತ್ತದೆ. ಏನೇ ಹತ್ತಿರ ಬಂದರೂ ನುಗ್ಗುತ್ತದೆ. ಅದೇ ಗೂಡಿನ ಅಂಚಿನಲ್ಲಿ ಬೆರಳುದ್ದದ, ಕೆಂಪು ರೆಕ್ಕೆಯ ಮೀನುಗಳು ಸುತ್ತುತ್ತಿದ್ದರೆ ಸುಮ್ನೆ ನೋಡಿ, ಮುಟ್ಟಬೇಡಿ. ಟೊಪೀಕಾ ಶೈನರ್ ಇರಬಹುದು. ಅಳಿವಿನಂಚಿನ ಮೀನು ಅಂತ ಅಮೆರಿಕದ ಕೇಂದ್ರ ಸರ್ಕಾರ 1998ರಲ್ಲೇ ಪಟ್ಟಿಗೆ ಸೇರಿಸಿದೆ. ಅದು ಮೊಟ್ಟೆಯಿಡುವುದು ಹೆಚ್ಚಾಗಿ ಸನ್‌ಫಿಶ್ ಗೂಡಿನ ಮೇಲೆಯೇ, ಕಾವಲು ಪುಕ್ಕಟೆ ನೋಡಿ! ಎರೆಗೆ ಅಂತ ಸಣ್ಣ ಮೀನು ಬಲೆಯಲ್ಲಿ ಬಾಚುವ ಅಭ್ಯಾಸ ಇದ್ದರೆ ಈ ಹಳ್ಳಗಳಲ್ಲಿ ಬೇಡವೇ ಬೇಡ. ಒಂದು ಕಡೆಯ ಜೀವಂತ ಎರೆಮೀನನ್ನು ಇನ್ನೊಂದು ನೀರಿಗೆ ಒಯ್ಯುವುದೂ ಬೇಡ.

ಸನ್‌ಫಿಶ್ ಹಿಡಿಯುವಾಗ ಕೈ ಒದ್ದೆ ಮಾಡಿಕೊಂಡು, ತಲೆಯಿಂದ ಹಿಂದಕ್ಕೆ ಸವರಿ ಬೆನ್ನಿನ ಮುಳ್ಳು ಮಲಗಿಸಿ. ಮೀಸೆ ಇರುವ ಕ್ಯಾಟ್‌ಫಿಶ್ ಬಂದರೆ ಹುಷಾರು. ಬೆನ್ನಲ್ಲೊಂದು, ಎರಡು ಪಕ್ಕ ಒಂದೊಂದು ಮುಳ್ಳು ಇರುತ್ತವೆ, ಚುಚ್ಚಿದರೆ ಉರಿ ಇಳಿಯಲು ಹೊತ್ತು ಬೇಕು. ಅದಕ್ಕೆ ಪೊರೆ ಇಲ್ಲ. ಕತ್ತಿನ ಸುತ್ತ ಚರ್ಮ ಸೀಳಿ ಇಕ್ಕಳದಲ್ಲಿ ಎಳೆದರೆ ಪೂರ್ತಿ ಬಿಚ್ಚಿಕೊಳ್ಳುತ್ತದೆ. ಅರಿಶಿನ, ಉಪ್ಪು, ನಿಂಬೆರಸ ಸವರಿ ಸ್ವಲ್ಪ ಹೊತ್ತು ಇಟ್ಟು ತೊಳೆದರೆ ಕೆಸರು ವಾಸನೆ ಕಡಿಮೆ. ಹುಣಸೆಹುಳಿ ಹಾಕಿದ ಸಾರಿಗೆ ಚೆನ್ನಾಗಿ ಒಗ್ಗುತ್ತದೆ. ಯಾವ ನೀರಿನ ಮೀನು ತಿನ್ನಬಾರದು ಅಂತ ಆರೋಗ್ಯ ಇಲಾಖೆ ಸೂಚನೆ ಹಾಕಿರುತ್ತದೆ. ಮೊದಲು ಅದನ್ನು ನೋಡಿ.

ಹುಲ್ಲಲ್ಲಿ ರಕ್ತ ಹೀರುವ ಉಣ್ಣೆಹುಳುಗಳ ಕಾಟ ಬಹಳ, ಪ್ಯಾಂಟಿನ ತುದಿ ಸಾಕ್ಸ್ ಒಳಗಿರಲಿ. ಮೈಗೆ ತಗುಲಿದರೆ ತುರಿಕೆ ತರುವ ಮೂರೆಲೆಯ ಗಿಡ ಪಾಯ್ಸನ್ ಐವಿಯಿಂದ ದೂರ ಇರಿ. ನಿಮ್ಮ ತಲೆ ಮೇಲೆ ಬಿಸಿಲಿದ್ದರೂ ಮೇಲಿನ ಗುಡ್ಡಗಳಲ್ಲಿ ಮಳೆ ಹೊಯ್ದಿರಬಹುದು. ಕಲ್ಲು ನೆಲ ನೀರು ಕುಡಿಯುವುದಿಲ್ಲ, ಹಳ್ಳ ಗಳಿಗೆಯಲ್ಲಿ ಏರುತ್ತದೆ. ತಿಳಿ ನೀರು ಬಗ್ಗಡವಾಯಿತು, ಕಸಕಡ್ಡಿ ತೇಲಿ ಬಂತು ಅಂದರೆ ಗಾಳ ಬಿಡಿಸಿಕೊಳ್ಳುತ್ತಾ ಕೂರಬೇಡಿ. ತಂಗೂಸಿ ಕತ್ತರಿಸಿ ದಡ ಹತ್ತಿ, ಕಾರು ಇರುವ ದಡವನ್ನೇ.