ಎಲ್ಲಾ ಕಡೆ ಮಾರ್ಕೆಟಿಂಗ್ ಮಾಡೋದು ಬಿಡಿ, ಮೊದ್ಲು ಬಿಲ್ ಬುಕ್ ತೆಗೀರಿ

ಸಣ್ಣ ಬಿಸಿನೆಸ್ ನಡೆಸೋರ ಹತ್ರ ದುಡ್ಡಿಗಿಂತ ಕಮ್ಮಿ ಇರೋದು ಟೈಮು. ಮಾಲ್ ತರ್ಸೋದು, ಕೆಲಸ ಮಾಡ್ಸೋದು, ಬಾಕಿ ವಸೂಲಿ, ಲೆಕ್ಕ ಎಲ್ಲಾ ಮುಗಿದ ಮೇಲೆ ಉಳಿಯೋ ಅರ್ಧ ಗಂಟೇಲಿ ಇನ್‌ಸ್ಟಾಗ್ರಾಮ್‌ಗೊಂದು ಫೇಸ್‌ಬುಕ್‌ಗೊಂದು ಯೂಟ್ಯೂಬ್‌ಗೊಂದು ಅಂತ ಹಾಕೋಕೆ ಹೋಗಿ ಯಾವ್ದೂ ನೆಟ್ಟಗಾಗಲ್ಲ, ಆಮೇಲೆ "ಮಾರ್ಕೆಟಿಂಗ್ ನಮಗೆ ವರ್ಕ್ ಆಗಲ್ಲ ಬಿಡಿ" ಅಂತ ಕೈ ಚೆಲ್ಲಿ ಕೂರೋದು. ಯಾವ ಆ್ಯಪ್‌ನಲ್ಲಿ ಇರ್ಬೇಕು ಅನ್ನೋ ಪ್ರಶ್ನೆ ಕೊನೇದು. ಯಾರಿಗೆ ಮಾರ್ತಾ ಇದೀರಿ ಅನ್ನೋದು ಗಟ್ಟಿಯಾದ್ರೆ ಅದು ತಾನಾಗೇ ಬಗೆಹರಿಯತ್ತೆ.

ಅದಕ್ಕೆ ಮೊದ್ಲು ಕಳೆದ ಒಂದು ವರ್ಷದ ಬಿಲ್‌ಗಳನ್ನ ತೆಗೆದು ಕೂತ್ಕೊಳಿ. ಪ್ರತಿ ಗಿರಾಕಿಗೂ ಮೂರು ವಿಷ್ಯ ಬರ್ಕೊಳಿ: ಏನು ತಗೊಂಡ್ರು, ಖರ್ಚು ಕಳೆದು ನಿಮಗೆ ಎಷ್ಟು ಉಳೀತು, ನಿಮ್ಮ ಬಗ್ಗೆ ಅವ್ರಿಗೆ ಹೇಗೆ ಗೊತ್ತಾಯ್ತು. ಮೂರನೇದು ನೆನಪಿಲ್ಲ ಅಂದ್ರೆ ಫೋನ್ ಮಾಡಿ ಕೇಳಿ, ಯಾರೂ ಬೇಜಾರು ಮಾಡ್ಕೊಳಲ್ಲ. ಇಲ್ಲಿ ಜಾಸ್ತಿ ಮಾರಾಟ ಆಗೋದು ಬೇರೆ, ಜಾಸ್ತಿ ಉಳಿಯೋದು ಬೇರೆ ಅಂತ ಗೊತ್ತಾಗೋದು ತುಂಬಾ ಸಾಮಾನ್ಯ. ದಿನಾ ಹತ್ತು ಸಲ ಫೋನ್ ಮಾಡಿ ಚೌಕಾಸಿ ಮಾಡೋ ಗಿರಾಕಿ ಒಂದು ಕಡೆ, ವರ್ಷಕ್ಕೆರಡು ಸಲ ಬಂದು ಕೇಳಿದ ರೇಟ್ ಕೊಟ್ಟು ಇನ್ನೊಬ್ರನ್ನೂ ಕಳ್ಸೋ ಗಿರಾಕಿ ಇನ್ನೊಂದು ಕಡೆ. ಈ ಎರಡನೇ ಥರದವ್ರು ಯಾರು, ಅವ್ರಲ್ಲಿ ಏನು ಹೋಲಿಕೆ ಇದೆ ಅಂತ ನೋಡಿ.

ಆಮೇಲೆ ಒಂದೇ ಒಂದು ವಾಕ್ಯ ಬರೀರಿ, ಯಾರು, ಯಾವಾಗ, ಯಾಕೆ ನಿಮಗೆ ಫೋನ್ ಮಾಡ್ತಾರೆ ಅಂತ. "ಒಳ್ಳೆ ಕ್ವಾಲಿಟಿ ಬೇಕಾದ ಎಲ್ಲರೂ" ಅಂತ ಬರೆದ್ರೆ ಅದು ವಾಕ್ಯವೇ ಅಲ್ಲ, ಅದ್ರಿಂದ ಯಾರೂ ಹೊರಗೆ ಉಳಿಯಲ್ಲ. ನಿಮ್ಮ ವಾಕ್ಯ ಓದಿದ್ರೆ ಕೆಲವ್ರಿಗೆ "ಇದು ನನಗಲ್ಲ" ಅನ್ನಿಸ್ಬೇಕು.

ಎಸಿ ರಿಪೇರಿ ಮಾಡೋರನ್ನೇ ತಗೊಳಿ. ಮನೇಲಿ ಎಸಿ ಕೆಟ್ಟೋರು ಮೊಬೈಲ್ ತೆಗೆದು ಗೂಗಲ್‌ನಲ್ಲಿ ಹುಡುಕ್ತಾರೆ, ಎರಡು ಮೂರು ರಿವ್ಯೂ ನೋಡ್ತಾರೆ, ಯಾರು ಮೊದ್ಲು ಫೋನ್ ಎತ್ತಿ "ಇವತ್ತೇ ಬರ್ತೀವಿ" ಅಂತಾರೋ ಅವ್ರಿಗೆ ಕೆಲಸ. ಆಫೀಸಿಗೆ ವರ್ಷದ ಮೇಂಟೆನೆನ್ಸ್ ಕಾಂಟ್ರ್ಯಾಕ್ಟ್ ಕೊಡೋರು ಹಾಗಲ್ಲ. ಅವ್ರು ಮೂರು ಕೊಟೇಶನ್ ತರಿಸ್ತಾರೆ, ಇನ್ನೊಂದು ಆಫೀಸಲ್ಲಿ ಇರೋ ಪರಿಚಯದವ್ರನ್ನ ಕೇಳ್ತಾರೆ, ಹಳೇ ಕಾಂಟ್ರ್ಯಾಕ್ಟ್ ಮುಗಿಯೋ ಟೈಮಿಗೆ ಮಾತ್ರ ತಲೆ ಕೆಡಿಸ್ಕೊತಾರೆ. ಕೆಲಸ ಒಂದೇ, ಮೆಕ್ಯಾನಿಕ್ಕೂ ಒಬ್ರೇ, ಆದ್ರೆ ಮೊದಲನೇಯವ್ರಿಗೆ ಬೇಕಾದ್ದು ಗೂಗಲ್ ಲಿಸ್ಟಿಂಗ್ ಮತ್ತೆ ಫೋನ್ ಎತ್ತೋ ಮನುಷ್ಯ, ಎರಡನೇಯವ್ರಿಗೆ ಬೇಕಾದ್ದು ಒಂದು ನೀಟಾದ ಕೊಟೇಶನ್, ಹಳೇ ಕ್ಲೈಂಟ್‌ಗಳ ರೆಫರೆನ್ಸ್, ಕಾಂಟ್ರ್ಯಾಕ್ಟ್ ಮುಗಿಯೋ ತಿಂಗಳು ಬರ್ಕೊಂಡಿರೋ ಒಂದು ಶೀಟ್. ಇಬ್ರಿಗೂ ಸೇರಿ ಒಂದು ರೀಲ್ ಮಾಡಿ ಹಾಕಿದ್ರೆ ಇಬ್ರೂ ನೋಡಲ್ಲ.

ಸೋ ಚಾನೆಲ್, ಅಂದ್ರೆ ಗಿರಾಕಿನ ತಲುಪೋ ದಾರಿ, ಆರಿಸೋಕೆ ಒಂದೇ ಪ್ರಶ್ನೆ ಕೇಳ್ಕೊಳಿ. ನಿಮ್ಮ ಗಿರಾಕಿ ಈಗಾಗ್ಲೇ ಇದನ್ನ ಹುಡುಕ್ತಾ ಇದಾರಾ, ಇಲ್ಲಾ ನೋಡಿದ ಮೇಲೆ ಬೇಕು ಅನ್ಸೋ ವಸ್ತುನಾ?

ಹುಡುಕ್ತಾ ಇದ್ರೆ ಗೂಗಲ್ ಬಿಸಿನೆಸ್ ಪ್ರೊಫೈಲ್‌ನಿಂದ (ಗೂಗಲ್ ಸರ್ಚ್, ಮ್ಯಾಪ್‌ನಲ್ಲಿ ನಿಮ್ಮ ಬಿಸಿನೆಸ್ ವಿವರ ಕಾಣೋ ಪುಟ) ಶುರು ಮಾಡಿ, ಹಳಬರಿಗೆ ಇದು ಗೂಗಲ್ ಮೈ ಬಿಸಿನೆಸ್ ಅಂತ ಗೊತ್ತು, 2021ರಲ್ಲಿ ಹೆಸರು ಬದಲಾಯ್ತು. ಇದು ಫ್ರೀ. ಕ್ಯಾಟಗರಿ ಸರಿಯಾಗಿ ಹಾಕಿ, ಟೈಮಿಂಗ್ಸ್, ಫೋನ್ ನಂಬರ್, ನಿಜವಾದ ಫೋಟೋ ಹಾಕಿ, ಕೆಲಸ ಮುಗಿದ ದಿನವೇ ರಿವ್ಯೂ ಲಿಂಕ್ ಕಳ್ಸಿ. ರಿವ್ಯೂ ಬರೆದ್ರೆ ಡಿಸ್ಕೌಂಟ್ ಕೊಡ್ತೀವಿ ಅನ್ನೋಕೆ ಮಾತ್ರ ಹೋಗ್ಬೇಡಿ, ಅದು ಗೂಗಲ್ ರೂಲ್ಸ್‌ಗೆ ವಿರುದ್ಧ. ಇದರ ಜೊತೆ ದುಡ್ಡು ಕೊಟ್ಟು ಸರ್ಚ್ ಆ್ಯಡ್ (ಗೂಗಲ್‌ನಲ್ಲಿ ಹುಡುಕಿದಾಗ ಕಾಣೋ ಜಾಹೀರಾತು) ಓಡಿಸ್ತೀರಾ ಅಂದ್ರೆ ಎರಡು ಕಡೆ ದುಡ್ಡು ಸೋರತ್ತೆ, ಚೆಕ್ ಮಾಡ್ಕೊಳಿ. ಒಂದು ಲೊಕೇಶನ್ ಸೆಟ್ಟಿಂಗ್: ನೀವು ಮುಟ್ಟದೆ ಬಿಟ್ರೆ ಆ ಜಾಗದಲ್ಲಿ ಇರೋರ ಜೊತೆಗೆ ಆ ಜಾಗದ ಬಗ್ಗೆ ಆಸಕ್ತಿ ತೋರ್ಸಿದೋರಿಗೂ ಆ್ಯಡ್ ಹೋಗತ್ತೆ, ನೀವು ಹೋಗಿ ಕೆಲಸ ಮಾಡೋಕಾಗದ ದೂರದಲ್ಲಿ ಕೂತೋರಿಗೂ. ಇನ್ನೊಂದು ನೆಗೆಟಿವ್ ಕೀವರ್ಡ್, ಅಂದ್ರೆ ಯಾವ ಪದ ಹುಡುಕಿದ್ರೆ ನಿಮ್ಮ ಆ್ಯಡ್ ತೋರ್ಸಬಾರದು ಅನ್ನೋ ಲಿಸ್ಟ್. ನಿಮ್ಮ ಸರ್ವಿಸ್ ಹೆಸರಿನ ಜೊತೆ "ಜಾಬ್", "ಕೋರ್ಸ್", "ನಾವೇ ಮಾಡ್ಕೊಳೋದು ಹೇಗೆ" ಅಂತ ಸೇರಿಸಿ ಹುಡುಕೋರು ಗಿರಾಕಿಗಳಲ್ಲ, ಆ ಪದಗಳನ್ನ ಲಿಸ್ಟಿಗೆ ಹಾಕಿ ತಡೀರಿ.

ನೋಡಿದ ಮೇಲೆ ಬೇಕು ಅನ್ಸೋ ವಸ್ತು ಆದ್ರೆ ಇನ್‌ಸ್ಟಾಗ್ರಾಮ್, ಫೇಸ್‌ಬುಕ್ ಸರಿ. ಆದ್ರೆ ಇಲ್ಲಿ ನೀವು ಏನು ಕೇಳ್ತೀರೋ ಅದನ್ನೇ ಮೆಟಾ (ಇವೆರಡನ್ನೂ ನಡೆಸೋ ಕಂಪನಿ) ಕೊಡೋದು. ಲೈಕ್ಸ್‌ಗೋಸ್ಕರ ದುಡ್ಡು ಕೊಟ್ಟು ಪೋಸ್ಟ್ ಬೂಸ್ಟ್ ಮಾಡಿದ್ರೆ ಲೈಕ್ ಒತ್ತೋ ಅಭ್ಯಾಸ ಇರೋರನ್ನ ಹುಡುಕಿ ತೋರ್ಸತ್ತೆ, ಅವ್ರು ಕೊಂಡ್ಕೊತಾರೆ ಅಂತ ಏನಿಲ್ಲ. ಮೆಸೇಜ್ ಬೇಕಿದ್ರೆ ಮೆಸೇಜ್, ಆರ್ಡರ್ ಬೇಕಿದ್ರೆ ಆರ್ಡರ್ ಅಂತಲೇ ಗೋಲ್ ಇಡಿ. ಇನ್ನೊಂದು ಮಾತು, ಇದು ಬಜೆಟ್ ಹಂಚೋರೆಲ್ಲಾ ತಿಳ್ಕೊಂಡಿರ್ಬೇಕು: ಮೆಟಾದಲ್ಲಿ ಒಂದು ಆ್ಯಡ್ ಸೆಟ್ (ಒಂದೇ ಬಜೆಟ್, ಒಂದೇ ಥರದ ಜನಕ್ಕೆ ಇಟ್ಟ ಆ್ಯಡ್‌ಗಳ ಗುಂಪು) ಲರ್ನಿಂಗ್ ಹಂತ, ಅಂದ್ರೆ ಯಾರಿಗೆ ತೋರ್ಸಬೇಕು ಅಂತ ಮೆಟಾ ಕಲಿಯೋ ಹಂತ, ದಾಟೋಕೆ ವಾರಕ್ಕೆ ಸುಮಾರು 50 ರಿಸಲ್ಟ್ (ನೀವು ಗೋಲ್ ಇಟ್ಟ ಮೆಸೇಜ್ ಅಥವಾ ಆರ್ಡರ್) ಬೇಕು, ಮಧ್ಯದಲ್ಲಿ ದೊಡ್ಡ ಬದಲಾವಣೆ ಮಾಡಿದ್ರೆ ಮತ್ತೆ ಮೊದ್ಲಿಂದ. ನಿಮ್ಮ ಬಜೆಟ್‌ಗೆ ವಾರಕ್ಕೆ 60 ಎನ್‌ಕ್ವೈರಿ ಬರೋ ಶಕ್ತಿ ಇದೆ ಅನ್ಕೊಳಿ, ಅದನ್ನ ಐದು ಆ್ಯಡ್ ಸೆಟ್‌ಗೆ ಹಂಚಿದ್ರೆ ಒಂದೊಂದಕ್ಕೆ 12 ಬರತ್ತೆ, ಯಾವ್ದೂ ಆ ಹಂತ ದಾಟಲ್ಲ. ಒಂದಕ್ಕೇ ಹಾಕಿದ್ರೆ ದಾಟತ್ತೆ. ಚಿಕ್ಕ ಬಜೆಟ್ ಇರೋರು ಹಂಚಬಾರದು ಅನ್ನೋದು ಇದಕ್ಕೇ.

ಹಳೇ ಗಿರಾಕಿಗಳಿಗೆ ವಾಟ್ಸಾಪ್ ಬಿಸಿನೆಸ್ ಸಾಕು, ಲೇಬಲ್ ಹಾಕಿಟ್ಕೊಳಿ. ಬ್ರಾಡ್‌ಕಾಸ್ಟ್ ಲಿಸ್ಟ್ ಮೆಸೇಜ್ (ಒಂದೇ ಸಲ ತುಂಬಾ ಜನಕ್ಕೆ ಬೇರೆ ಬೇರೆಯಾಗಿ ಹೋಗೋ ಮೆಸೇಜ್) ನಿಮ್ಮ ನಂಬರ್ ಸೇವ್ ಮಾಡ್ಕೊಂಡಿರೋರಿಗೆ ಮಾತ್ರ ಹೋಗತ್ತೆ, ಹಾಗಾಗಿ ಮೊದಲ ಬಿಲ್ ಕೊಡೋವಾಗ್ಲೇ ಸೇವ್ ಮಾಡ್ಕೊಳಿ ಅಂತ ಹೇಳ್ಬಿಡಿ. ದಿನಾ ಗುಡ್ ಮಾರ್ನಿಂಗ್ ಪೋಸ್ಟರ್ ಕಳ್ಸಿ ಬ್ಲಾಕ್ ಆಗೋದು ಬೇಡ.

ಇನ್ನು ಇದ್ರ ಜೊತೆಗೆ, ಮಾರ್ಕೆಟಿಂಗ್ ಅಂದ್ರೆ ಪ್ರಚಾರ ಮಾತ್ರ ಅಲ್ಲ. ಮೆಕಾರ್ಥಿ ಅನ್ನೋ ಅಮೆರಿಕದ ಪ್ರೊಫೆಸರ್ 1960ರಲ್ಲೇ ನಾಲ್ಕು ಪಿ ಅಂತ ಹೇಳಿದ್ರು, ಪ್ರಾಡಕ್ಟ್, ಪ್ರೈಸ್, ಪ್ಲೇಸ್, ಪ್ರಮೋಷನ್. ನಾವೆಲ್ಲಾ ಸೀದಾ ನಾಲ್ಕನೇದಕ್ಕೆ ಹಾರ್ತೀವಿ. ಎನ್‌ಕ್ವೈರಿ ಬಂದು ಎರಡು ದಿನ ಆದ್ಮೇಲೆ ರಿಪ್ಲೈ ಮಾಡೋರು ಆ್ಯಡ್‌ಗೆ ದುಡ್ಡು ಹಾಕೋದು ತೂತು ಬಿಂದಿಗೆಗೆ ನೀರು ತುಂಬ್ಸಿದ ಹಾಗೆ.

ಲೆಕ್ಕ ಇಡೋಕೆ ದೊಡ್ಡ ಸಾಫ್ಟ್‌ವೇರ್ ಬೇಡ. ಫೋನ್ ಮಾಡಿದ ಪ್ರತಿಯೊಬ್ರನ್ನೂ "ನಮ್ಮ ಬಗ್ಗೆ ಎಲ್ಲಿ ಗೊತ್ತಾಯ್ತು" ಅಂತ ಕೇಳಿ ಬರೀರಿ, ವೆಬ್‌ಸೈಟ್ ಲಿಂಕ್ ಕೊಡೋ ಕಡೆ ಯುಟಿಎಂ ಟ್ಯಾಗ್ (ಲಿಂಕ್ ಕೊನೇಲಿ ಸೇರ್ಸೋ ಗುರುತು) ಹಾಕಿದ್ರೆ ಅನಲಿಟಿಕ್ಸ್‌ನಲ್ಲಿ, ಅಂದ್ರೆ ವೆಬ್‌ಸೈಟಿಗೆ ಬಂದೋರ ಲೆಕ್ಕ ತೋರ್ಸೋ ಟೂಲ್‌ನಲ್ಲಿ, ಯಾವ ಕಡೆಯಿಂದ ಬಂದ್ರು ಅಂತ ಬೇರೆ ಬೇರೆ ಕಾಣತ್ತೆ. ತಿಂಗಳ ಕೊನೇಲಿ ಹಾಕಿದ ದುಡ್ಡನ್ನ ಬಂದ ಹೊಸ ಗಿರಾಕಿಗಳ ಸಂಖ್ಯೆಯಿಂದ ಭಾಗಿಸಿ. ಬಂದ ಉತ್ತರನ ಒಟ್ಟು ಮಾರಾಟದ ಜೊತೆ ಹೋಲಿಸ್ಬೇಡಿ, ಒಬ್ಬ ಗಿರಾಕಿಯಿಂದ ಕೈಯಲ್ಲಿ ಉಳಿಯೋ ಲಾಭದ ಜೊತೆ ಹೋಲಿಸಿ, ಅವ್ರು ಮತ್ತೆ ಮತ್ತೆ ಬರೋ ಬಿಸಿನೆಸ್ ಆದ್ರೆ ಅದನ್ನೂ ಸೇರ್ಸಿ. ಎಷ್ಟು ದಿನ ನೋಡ್ಬೇಕು ಅನ್ನೋದು ಗಿರಾಕಿ ತೀರ್ಮಾನ ತಗೊಳೋಕೆ ಎಷ್ಟು ದಿನ ತಗೊತಾರೋ ಅದ್ರ ಮೇಲೆ ಹೋಗತ್ತೆ. ಮನೆ ಎಸಿ ರಿಪೇರಿಗೆ ಸೀಸನ್ ಇದ್ರೆ ಒಂದೆರಡು ತಿಂಗಳಲ್ಲಿ ಗೊತ್ತಾಗತ್ತೆ, ಆಫೀಸ್ ಕಾಂಟ್ರ್ಯಾಕ್ಟ್ ಆದ್ರೆ ಅಷ್ಟ್ರಲ್ಲಿ ಏನೂ ಗೊತ್ತಾಗಲ್ಲ. ಶುರು ಮಾಡೋ ಮೊದ್ಲೇ "ಒಬ್ಬ ಗಿರಾಕಿಗೆ ಇಷ್ಟಕ್ಕಿಂತ ಜಾಸ್ತಿ ಆದ್ರೆ ನಿಲ್ಲಿಸ್ತೀನಿ" ಅಂತ ಒಂದು ನಂಬರ್ ಬರೆದಿಡಿ, ಆಮೇಲೆ ಬರೆದ್ರೆ ಮನಸ್ಸು ನೆಪ ಹುಡುಕತ್ತೆ.

ಬಿಡೋ ಅಕೌಂಟ್‌ಗಳನ್ನ ಡಿಲೀಟ್ ಮಾಡೋದು ಬೇಡ, ಹೆಸರು ಬೇರೆಯವ್ರು ತಗೊಂಡ್ಬಿಡ್ತಾರೆ. "ನಾವು ಇಲ್ಲಿ ಸಿಗ್ತೀವಿ" ಅಂತ ಒಂದು ಪೋಸ್ಟ್ ಪಿನ್ ಮಾಡಿ ಬಿಟ್ಬಿಡಿ. ಗಿರಾಕಿಗಳ ನಂಬರ್‌ಗಳು ಮಾತ್ರ, ಅವ್ರನ್ನ ಕೇಳಿಯೇ, ನಿಮ್ಮದೇ ಶೀಟ್‌ನಲ್ಲಿ ಇರ್ಲಿ, ನಾಳೆ ಅಕೌಂಟ್ ಬ್ಲಾಕ್ ಆದ್ರೂ ಅವು ಕೈಯಲ್ಲಿರತ್ತೆ.

ಎರಡನೇ ಚಾನೆಲ್ ಯಾವಾಗ ಅಂತೀರಾ? ಮೊದಲನೇದಕ್ಕೆ ದುಡ್ಡು ಜಾಸ್ತಿ ಹಾಕಿದ್ರೂ ಗಿರಾಕಿಗಳು ಅಷ್ಟೇ ಬರ್ತಾ ಇದ್ರೆ, ಮತ್ತೆ ನಿಮ್ಮ ಹತ್ರ ಇನ್ನೂ ಕೆಲಸ ಹಿಡಿಯೋಷ್ಟು ಜನ, ಟೈಮ್ ಇದ್ರೆ. ಕೈ ತುಂಬಾ ಕೆಲಸ ಇದ್ದು ಬಂದ ಎನ್‌ಕ್ವೈರಿಗೇ ಉತ್ತರ ಕೊಡೋಕೆ ಆಗ್ತಿಲ್ಲ ಅಂದ್ರೆ ಹೊಸ ಚಾನೆಲ್ ಬೇಡ, ಇರೋ ಆ್ಯಡ್ ಸ್ವಲ್ಪ ದಿನ ನಿಲ್ಲಿಸಿ ರೇಟ್ ಏರಿಸಿ ನೋಡಿ.