ಆಟ ನಿಲ್ಲಿಸಿದರೂ ನಿಲ್ಲದ ಚಂದಾ: ಮಗಳನ್ನು ಡಚ್ ಫುಟ್‌ಬಾಲ್ ಕ್ಲಬ್ಬಿಗೆ ಸೇರಿಸುವವರಿಗೆ

ಆಮ್‌ಸ್ಟರ್‌ಡ್ಯಾಮ್‌ಗೆ ಅಂಟಿಕೊಂಡ ನಮ್ಮ ಆಮ್‌ಸ್ಟೆಲ್‌ವೇನ್‌ನಲ್ಲಿ ಕನ್ನಡದ ಮನೆಗಳು ಹೆಚ್ಚಾದಂತೆ ಆಗಸ್ಟ್ ಬಂತೆಂದರೆ ನನಗೆ ಒಂದೇ ಬಗೆಯ ಫೋನ್ ಬರುತ್ತದೆ: “ಮಗಳನ್ನು ಅಯಾಕ್ಸ್‌ಗೆ ಸೇರಿಸಬೇಕಿತ್ತು, ಅರ್ಜಿ ಎಲ್ಲಿ ಸಿಗುತ್ತದೆ ಸಾರ್?” ಸೆಪ್ಟೆಂಬರ್‌ನ ಫೋನ್ ಬೇರೆ ಬಗೆಯದು: “ಅವಳು ಆಡುವುದು ಬಿಟ್ಟು ನಾಲ್ಕು ತಿಂಗಳಾಯಿತು, ಆದರೂ ಖಾತೆಯಿಂದ ದುಡ್ಡು ಹೋಗಿದೆಯಲ್ಲ?” ಮೊದಲನೆಯದಕ್ಕೆ ನಗುತ್ತೇನೆ. ಎರಡನೆಯದಕ್ಕೆ ನಗು ಬರುವುದಿಲ್ಲ, ಆ ಹಳ್ಳಕ್ಕೆ ನಾನೂ ಬಿದ್ದು ಎದ್ದವನು.

ಮೊದಲು ಅಯಾಕ್ಸ್ ವಿಷಯ ಮುಗಿಸಿಬಿಡುತ್ತೇನೆ. ಅದು ಆಮ್‌ಸ್ಟರ್‌ಡ್ಯಾಮ್‌ನ ವೃತ್ತಿಪರ ಫುಟ್‌ಬಾಲ್ ಕ್ಲಬ್. ಅದರ ಮಹಿಳಾ ತಂಡ ಹುಟ್ಟಿದ್ದು 2012ರಲ್ಲಿ. ದೇಶದ ಮಹಿಳೆಯರ ಅತ್ಯುನ್ನತ ಲೀಗ್ ಆದ ಎರೆಡಿವಿಸಿ ಶುರುವಾಗಿ ಆಗಲೇ ಐದು ವರ್ಷವಾಗಿತ್ತು. ಅಯಾಕ್ಸ್‌ನ ಮುಖ್ಯ ಕ್ರೀಡಾಂಗಣವಾದ ದೊಡ್ಡ ಅರೆನಾದ ಪಕ್ಕ, ಎ2 ಹೆದ್ದಾರಿಯ ಆಚೆ ಬದಿಗಿರುವ ‘ಡೆ ತೂಕೊಮ್ಸ್ಟ್’ ಅವರ ಮೈದಾನ. ಆ ಹೆಸರಿನ ಅರ್ಥ ‘ಭವಿಷ್ಯ’. ಅಲ್ಲಿಗೆ ಪ್ರೇಕ್ಷಕರಾಗಿ ಧಾರಾಳವಾಗಿ ಹೋಗಿ, ಹತ್ತಿರದಿಂದ ಆಟ ನೋಡಲು ಅದಕ್ಕಿಂತ ಒಳ್ಳೆಯ ಜಾಗವಿಲ್ಲ. ಆದರೆ ಅರ್ಜಿ ತುಂಬಿ ಸೇರುವ ಜಾಗ ಅದಲ್ಲ. ಅಲ್ಲಿನ ಕಿರಿಯರ ತಂಡಗಳಿಗೆ ಮಕ್ಕಳನ್ನು ಕ್ಲಬ್ಬಿನವರೇ ಹುಡುಕಿ ಆರಿಸುತ್ತಾರೆ. ಅವರು ಹುಡುಕುವುದು ನಿಮ್ಮ ಮನೆಯ ಪಕ್ಕದ ಸಣ್ಣ ಕ್ಲಬ್ಬುಗಳ ಶನಿವಾರದ ಪಂದ್ಯಗಳಲ್ಲಿ. ನೆದರ್‌ಲ್ಯಾಂಡ್ಸ್ ಪರ ಅತಿ ಹೆಚ್ಚು ಗೋಲು ಹೊಡೆದ ವಿವಿಯಾನ ಮೀಡೆಮ ಕೂಡ ಹೋಗೆವೇನ್ ಎಂಬ ಊರಿನ ಕ್ಲಬ್ಬಿನಲ್ಲಿ ಹುಡುಗರ ಜೊತೆ ಆಡಿ ಬೆಳೆದವಳು. ಇಲ್ಲಿ ಹುಡುಗ–ಹುಡುಗಿಯರ ಬೆರಕೆ ತಂಡ ಮಾಮೂಲು. ಮಗಳನ್ನು ಹುಡುಗರ ತಂಡಕ್ಕೆ ಹಾಕಿದರೆಂದು ಗಾಬರಿಯಾಗಬೇಡಿ. ಬೆಂಗಳೂರಿನಲ್ಲಿ ಇದನ್ನು ಹೇಳಿದರೆ ಹುಬ್ಬೇರಿಸುತ್ತಾರೆ. ಈ ಒಂದು ವಿಷಯದಲ್ಲಿ ಡಚ್ಚರದೇ ಸರಿ ಎಂದು ನಾನು ಯಾರ ಮುಂದೆಯೂ ವಾದಿಸುತ್ತೇನೆ.

ನನ್ನ ಮಗಳಿಗೆ ಹುಚ್ಚು ಹಿಡಿದದ್ದು 2024ರ ಮಾರ್ಚ್ 19ರ ಮಂಗಳವಾರ ಸಂಜೆ. ಮಹಿಳಾ ಚಾಂಪಿಯನ್ಸ್ ಲೀಗ್‌ನ ಕ್ವಾರ್ಟರ್ ಫೈನಲ್, ಅಯಾಕ್ಸ್‌ಗೆ ಎದುರಾಳಿ ಇಂಗ್ಲೆಂಡಿನ ಚೆಲ್ಸಿ. ಪಂದ್ಯ ದೊಡ್ಡ ಅರೆನಾದಲ್ಲಿ. 35 ಸಾವಿರಕ್ಕೂ ಹೆಚ್ಚು ಜನ ಸೇರಿದ್ದರು. ಅಯಾಕ್ಸ್ 0–3ರಿಂದ ಸೋತಿತು. ಸೋಲು ಅವಳ ಲೆಕ್ಕಕ್ಕೇ ಇರಲಿಲ್ಲ. ಮೆಟ್ರೊದಲ್ಲಿ ಮನೆಗೆ ಬರುವಾಗ ಕೇಳಿದ್ದು ಒಂದೇ ಪ್ರಶ್ನೆ: “ಶೂ ಯಾವಾಗ ತರುವುದು?”

ಶೂ ಮರುದಿನವೇ ಬಂತು. ಕ್ಲಬ್ಬಿನಲ್ಲಿ ಜಾಗ ಸಿಗಲು ತಿಂಗಳುಗಳು ಹಿಡಿದವು. ಊರಿಗೆ ಹತ್ತಿರದ ಕ್ಲಬ್ಬುಗಳಲ್ಲಿ ವಾಖ್ಟ್‌ಲೈಸ್ಟ್, ಅಂದರೆ ಕಾಯುವವರ ಪಟ್ಟಿ ಇರುತ್ತದೆ. ಆಗಸ್ಟ್‌ನಲ್ಲಿ ಎಚ್ಚೆತ್ತರೆ ತಡವಾಯಿತೆಂದೇ ತಿಳಿಯಿರಿ, ವಸಂತದಲ್ಲೇ ಹೆಸರು ಬರೆಸಿ. ವಯಸ್ಸಿನ ಗುಂಪು ಹುಟ್ಟಿದ ಇಸವಿಯ ಮೇಲೆ ನಿಂತಿದೆ, ಶಾಲೆಯ ತರಗತಿಯ ಮೇಲಲ್ಲ. ಪಂದ್ಯದ ವೇಳೆ, ಮಳೆಗೆ ರದ್ದಾದ ಸುದ್ದಿ ಎಲ್ಲವೂ ಫುಟ್‌ಬಾಲ್ ಮಂಡಳಿಯ ಆ್ಯಪ್‌ನಲ್ಲಿ ಸಿಗುತ್ತದೆ. ಇಷ್ಟು ಸಾಕು, ಉಳಿದದ್ದನ್ನು ಬೇರೆ ತಾಯಂದಿರು ವಾಟ್ಸ್ಆ್ಯಪ್ ಗುಂಪಿನಲ್ಲಿ ಹೇಳಿಕೊಡುತ್ತಾರೆ.

ಈಗ ನನ್ನ ಕೈ ಸುಟ್ಟ ಕಥೆ. ಒಂದು ವರ್ಷ ಆಡಿದ ಮೇಲೆ ಏಪ್ರಿಲ್‌ನಲ್ಲಿ ಮಗಳಿಗೆ ಹಾಕಿಯ ಮೋಹ ಹತ್ತಿತು. ನಾನು ಒಂದು ಶನಿವಾರ ತರಬೇತುದಾರನ ಬಳಿ ಹೋಗಿ, ಇನ್ನು ಮುಂದೆ ಅವಳು ಬರುವುದಿಲ್ಲ ಎಂದೆ. ಅವನು “ಯಾಮರ್” ಎಂದ, ಛೇ ಎಂದ ಹಾಗೆ, ಕೈ ಕುಲುಕಿದ. ತೊಳೆದ ಅಂಗಿ ವಾಪಸು ಕೊಟ್ಟೆ. ವಾಟ್ಸ್ಆ್ಯಪ್ ಗುಂಪಿನಿಂದ ಹೊರಬಂದೆ. ವ್ಯವಹಾರ ಮುಗಿಯಿತು ಎಂದುಕೊಂಡೆ. ಸೆಪ್ಟೆಂಬರ್‌ನಲ್ಲಿ ಖಾತೆಯಿಂದ ಹೊಸ ಋತುವಿನ ಪೂರ್ತಿ ಚಂದಾ, 270 ಯೂರೊ, ಸದ್ದಿಲ್ಲದೆ ಹೋಗಿತ್ತು.

ಸೇರಿಸುವ ದಿನ ನಾವು ಕಣ್ಣುಮುಚ್ಚಿ ಸಹಿ ಹಾಕುವ ಹಾಳೆಯಲ್ಲಿ ‘ಇನ್‌ಕಾಸೊ’ ಎಂಬ ಪದ ಇರುತ್ತದೆ. ನನ್ನ ಖಾತೆಯಿಂದ ನೀವೇ ತೆಗೆದುಕೊಳ್ಳಿ ಎಂದು ಕ್ಲಬ್ಬಿಗೆ ಕೊಡುವ ಅನುಮತಿ ಅದು. ಕೋಪದಲ್ಲಿ ನಾನು ಬ್ಯಾಂಕ್ ಆ್ಯಪ್ ತೆರೆದೆ. ಹೀಗೆ ಹೋದ ಹಣವನ್ನು ಎಂಟು ವಾರಗಳೊಳಗೆ ಕಾರಣ ಕೊಡದೆ ಹಿಂದಕ್ಕೆ ಪಡೆಯಬಹುದು. ಅದಕ್ಕೆ ‘ಸ್ಟೋರ್ನೇರೆನ್’ ಎನ್ನುತ್ತಾರೆ. ಒಂದು ಗುಂಡಿ ಒತ್ತಿದೆ, ದುಡ್ಡು ವಾಪಸು ಬಂತು. ಅಂದು ರಾತ್ರಿ ಹೆಂಡತಿಯ ಮುಂದೆ ಮೀಸೆ ತಿರುವಿದ್ದೇ ತಿರುವಿದ್ದು.

ದುಡ್ಡು ವಾಪಸು ಬರುತ್ತದೆ, ಸಾಲ ಹೋಗುವುದಿಲ್ಲ. ಇದನ್ನು ದಯವಿಟ್ಟು ಎರಡು ಸಲ ಓದಿ. ಮೊದಲು ಖಜಾಂಚಿಯ ಮರ್ಯಾದೆಯ ಇಮೇಲ್ ಬಂತು, ನಾನು ಉತ್ತರಿಸಲಿಲ್ಲ. ಆಮೇಲೆ ಹದಿನಾಲ್ಕು ದಿನದ ಗಡುವಿನ ಕಾಗದ ಬಂತು, ಅದನ್ನೂ ಬದಿಗಿಟ್ಟೆ. ಕೊನೆಗೆ ವಸೂಲಿ ಸಂಸ್ಥೆಯ ಲಕೋಟೆ. ಈ ದೇಶದ ಕಾನೂನಿನಂತೆ ವಸೂಲಿ ಖರ್ಚೆಂದು ಕನಿಷ್ಠ 40 ಯೂರೊ ಸೇರಿಸಬಹುದು, ಸೇರಿಸಿದ್ದರು. ನಾನು ಕಟ್ಟಿದ್ದು 310, ಅದೂ ಮಗಳು ಒಮ್ಮೆಯೂ ಚೆಂಡು ಮುಟ್ಟದ ವರ್ಷಕ್ಕೆ. ಅಷ್ಟರಲ್ಲಿ ಹಾಕಿಯ ಮೋಹ ಇಳಿದು, ಗೆಳತಿಯಿರುವ ಇನ್ನೊಂದು ಫುಟ್‌ಬಾಲ್ ಕ್ಲಬ್ಬಿಗೆ ಸೇರುತ್ತೇನೆಂದು ಅವಳ ಹಟ. ಅಲ್ಲಿನವರ ಮೊದಲ ಪ್ರಶ್ನೆ: ಹಳೆಯ ಕ್ಲಬ್ಬಿನಲ್ಲಿ ಬಾಕಿ ಇದೆಯೇ?

ತಪ್ಪು ಯಾರದು? ಹಲ್ಲು ಕಚ್ಚಿ ಒಪ್ಪಿಕೊಳ್ಳುತ್ತೇನೆ, ನನ್ನದೇ. ನಾನು ಗಿರಾಕಿ ಎಂದುಕೊಂಡಿದ್ದೆ. ಬೆಂಗಳೂರಿನ ಅಕಾಡೆಮಿಯಲ್ಲಿ ನಾವು ಗಿರಾಕಿಗಳೇ: ತಿಂಗಳ ಶುಲ್ಕ ಕಟ್ಟುತ್ತೇವೆ, ನಿಲ್ಲಿಸಿದರೆ ನಂಟು ಕಡಿಯಿತು. ಇಲ್ಲಿನದು ‘ಫೆರೇನಿಖಿಂಗ್’, ಸಂಘ. ನಮ್ಮೂರಿನ ಹಾಲಿನ ಡೇರಿಗೆ ನಾಲ್ಕು ದಿನ ಹಾಲು ಹಾಕದಿದ್ದರೆ ಸದಸ್ಯತ್ವ ಹೋಗುತ್ತದೆಯೇ? ಹಾಗೆಯೇ ಇದು. ಜಿಮ್ ಆದರೆ ಮೊದಲ ಅವಧಿ ಮುಗಿದ ಮೇಲೆ ಒಂದು ತಿಂಗಳ ನೋಟಿಸ್ ಕೊಟ್ಟು ಯಾವಾಗ ಬೇಕಾದರೂ ಹೊರಬರಬಹುದು. ಸಂಘಕ್ಕೆ ಆ ನಿಯಮ ಅನ್ವಯಿಸದು. ಅದರ ನಿಯಮಾವಳಿ ಹೇಳಿದ್ದೇ ನಡೆಯುತ್ತದೆ. ಕ್ಲಬ್ಬಿನ ವರ್ಷ ಸಾಮಾನ್ಯವಾಗಿ ಜುಲೈ 1ರಿಂದ ಜೂನ್ 30ರವರೆಗೆ. ಬಿಡುವುದಾದರೆ ಜೂನ್ 1ಕ್ಕೆ ಮುಂಚೆ ಬರವಣಿಗೆಯಲ್ಲಿ ತಿಳಿಸಬೇಕು ಎಂಬುದು ಬಹಳ ಕಡೆ ಇರುವ ಪದ್ಧತಿ. ಕೆಲವರ ಗಡುವು ಇನ್ನೂ ಮುಂಚೆ. ನಿಮ್ಮ ಕ್ಲಬ್ಬಿನ ತಾಣದಲ್ಲಿ ‘ಒಪ್‌ಜೆಖೆನ್’ ಎಂಬ ಪದ ಹುಡುಕಿ, ತಾರೀಖು ಅಲ್ಲಿರುತ್ತದೆ. ಪತ್ರ ಹೋಗಬೇಕಾದದ್ದು ಸದಸ್ಯತ್ವ ನೋಡಿಕೊಳ್ಳುವವರ ವಿಳಾಸಕ್ಕೆ. ತರಬೇತುದಾರನಿಗೆ ಹೇಳಿದ್ದು ಲೆಕ್ಕಕ್ಕಿಲ್ಲ, ಅವನೂ ನಿಮ್ಮಂತೆ ಯಾವುದೋ ಮಗುವಿನ ಅಪ್ಪ. “ನಿಮ್ಮ ರಾಜೀನಾಮೆ ತಲುಪಿದೆ” ಎಂಬ ಉತ್ತರ ಬರುವವರೆಗೂ ಬೆನ್ನು ಬಿಡಬೇಡಿ, ಬಂದ ಉತ್ತರವನ್ನು ಅಳಿಸಬೇಡಿ.

ಊರಿಗೆ ಶಾಶ್ವತವಾಗಿ ಮರಳುವವರಿಗೆ ಇದು ಇನ್ನೂ ಮುಖ್ಯ. ನಗರಸಭೆಯಲ್ಲಿ ಹೆಸರು ತೆಗೆಸಿದರೆ ಕ್ಲಬ್ಬಿಗೆ ತಾನಾಗಿ ತಿಳಿಯುವುದಿಲ್ಲ. ಮೈಸೂರಿಗೆ ಹೋದ ಗೆಳೆಯನೊಬ್ಬ ಡಿಸೆಂಬರ್‌ನಲ್ಲಿ ಹೊರಟ. ಅರ್ಧ ವರ್ಷದ ಹಣ ವಾಪಸು ಕೊಡಿ ಎಂದು ಕೇಳಿದ, ಸಿಗಲಿಲ್ಲ. ಕೇಳಿನೋಡುವುದರಲ್ಲಿ ತಪ್ಪಿಲ್ಲ, ಹಕ್ಕೆಂದು ಮಾತ್ರ ಹೋಗಬೇಡಿ.

ಸಂಘ ಎಂದ ಮೇಲೆ ಕೆಲಸವೂ ಇದೆ. ಸರದಿ ಬಂದಾಗ ತಂಡದ ಅಂಗಿಗಳ ಚೀಲ ಮನೆಗೆ ತಂದು ಒಗೆಯಬೇಕು, ಹೊರ ಊರಿನ ಪಂದ್ಯಕ್ಕೆ ಕಾರಿನಲ್ಲಿ ಮಕ್ಕಳನ್ನು ಕರೆದೊಯ್ಯಬೇಕು, ಕ್ಯಾಂಟೀನಿನಲ್ಲಿ ನಿಲ್ಲಬೇಕು. ಶುದ್ಧ ಸಸ್ಯಾಹಾರಿಯಾದ ನನ್ನ ಹೆಂಡತಿಯ ಕೈಗೆ ಮೊದಲ ದಿನವೇ ಇಕ್ಕಳ ಕೊಟ್ಟು ಫ್ರಿಕಾಂಡೆಲ್ ಕರಿಯಲು ನಿಲ್ಲಿಸಿದರು. ಎಣ್ಣೆಯಲ್ಲಿ ಆ ಕಂದು ಮಾಂಸದ ಕಡ್ಡಿಗಳು ಉರುಳುವುದನ್ನು ನೋಡುತ್ತಾ ಅವಳು ಎರಡು ನಿಮಿಷ ಉಸಿರು ಹಿಡಿದು ನಿಂತಳು, ಆಮೇಲೆ ಪಕ್ಕದ ಅಜ್ಜಿಗೆ ವಿಷಯ ಹೇಳಿದಳು. ಅಜ್ಜಿ ಇಕ್ಕಳ ಕಸಿದುಕೊಂಡು ಇವಳನ್ನು ಕಾಫಿ ಯಂತ್ರದ ಮುಂದೆ ನಿಲ್ಲಿಸಿದಳು. ಅಷ್ಟೇ, ಯಾರೂ ಮುಖ ಸಿಂಡರಿಸಲಿಲ್ಲ. ಸುಮ್ಮನೆ ತಪ್ಪಿಸಿಕೊಳ್ಳುವವರನ್ನು ಮಾತ್ರ ಇಲ್ಲಿ ಯಾರೂ ಮರೆಯುವುದಿಲ್ಲ.

ಈಗ ಅವಳು ಹೊಸ ಕ್ಲಬ್ಬಿನಲ್ಲಿ ಎಡಬದಿಯಲ್ಲಿ ಓಡುತ್ತಾಳೆ. ಚೆಂಡಿಗಿಂತ ಒಂದು ಹೆಜ್ಜೆ ಮುಂದೆಯೇ ಓಡಿಬಿಡುತ್ತಾಳೆ, ಅದು ಬೇರೆ ಮಾತು. ನನ್ನ ಮೊಬೈಲ್‌ನಲ್ಲಿ ಮೇ 10ಕ್ಕೊಂದು ಅಲಾರಂ ಇದೆ. ಅದು ಹೊಡೆದ ದಿನ ರಾತ್ರಿ ಊಟಕ್ಕೆ ಕೂತಾಗ ಅವಳನ್ನು ಕೇಳುತ್ತೇನೆ: “ಮುಂದಿನ ವರ್ಷವೂ ಫುಟ್‌ಬಾಲ್ ತಾನೇ?”