ಗಡ್ಡೆಯೊಳಗಿನ ರಕ್ತನಾಳಗಳನ್ನು ಎಣಿಸಿದ ಬಗೆ

ಕ್ಯಾನ್ಸರ್ ಗಡ್ಡೆಯ ವಿರುದ್ಧ ಹೋರಾಡಬೇಕಾದ ಮ್ಯಾಕ್ರೋಫೇಜ್‌ಗಳೇ (ರೋಗಾಣು, ಸತ್ತ ಕೋಶಗಳನ್ನು ನುಂಗುವ ರಕ್ಷಕ ಕೋಶಗಳು) ಅದಕ್ಕೆ ಹೊಸ ರಕ್ತನಾಳ ಬೆಳೆಸಿಕೊಡುತ್ತವೆ. ಓದಿ ತಿಳಿದಿದ್ದ ಈ ಸಂಗತಿಯನ್ನು ಕಣ್ಣಾರೆ ನೋಡಬೇಕೆಂದು ಮಡಿಕೇರಿಯ ಪ್ರಯೋಗಾಲಯದಲ್ಲಿ ಸ್ತನ ಕ್ಯಾನ್ಸರಿನ ಹಳೆಯ ಬ್ಲಾಕ್‌ಗಳನ್ನು, ಅಂದರೆ ಮೇಣದಲ್ಲಿ ಹುದುಗಿಸಿಟ್ಟ ಗಡ್ಡೆಯ ತುಣುಕುಗಳನ್ನು, ಹೊರತೆಗೆದೆ.

ಒಂದೇ ಬ್ಲಾಕಿನಿಂದ ನಾಲ್ಕು ಮೈಕ್ರಾನ್ ದಪ್ಪದ ಅಕ್ಕಪಕ್ಕದ ಪದರಗಳನ್ನು ಕತ್ತರಿಸಿ, ಒಂದಕ್ಕೆ ಮ್ಯಾಕ್ರೋಫೇಜ್ ತೋರಿಸುವ ಸಿಡಿ68, ಇನ್ನೊಂದಕ್ಕೆ ರಕ್ತನಾಳ ತೋರಿಸುವ ಸಿಡಿ34 ಎಂಬ ಬಣ್ಣ ಹಾಕಿದೆ. ನಾಳಗಳನ್ನೇ ತೋರಿಸುವ ಇನ್ನೊಂದು ಬಣ್ಣ ಸಿಡಿ31 ಬೇಡವೆಂದದ್ದಕ್ಕೆ ಕಾರಣವಿದೆ: ಅದು ಮ್ಯಾಕ್ರೋಫೇಜ್‌ಗಳಿಗೂ ಬಣ್ಣ ಹಿಡಿಸುತ್ತದೆ. ಬಣ್ಣ ಚೆನ್ನಾಗಿ ಹಿಡಿಯಲೆಂದು ಅದಕ್ಕೆ ಮುನ್ನ ಪದರಗಳನ್ನು ಸಿಟ್ರೇಟ್ ದ್ರಾವಣದಲ್ಲಿ ಕುದಿಸಬೇಕು. ಸುಮಾರು 1,150 ಮೀಟರ್ ಎತ್ತರದ ನಮ್ಮೂರಿನಲ್ಲಿ ನೀರು 96 ಡಿಗ್ರಿಯ ಆಸುಪಾಸಿನಲ್ಲೇ ಕುದಿಯುವುದರಿಂದ ಪ್ರೆಶರ್ ಕುಕ್ಕರನ್ನೇ ನೆಚ್ಚಿಕೊಂಡೆ.

ಎಣಿಕೆಗೆ 1991ರಲ್ಲಿ ವೈಡ್ನರ್ ಮತ್ತು ಸಂಗಡಿಗರು ಪ್ರಕಟಿಸಿದ ಕ್ರಮವೇ ಸಾಕಾಯಿತು. ಕಡಿಮೆ ವರ್ಧನೆಯಲ್ಲಿ ನಾಳಗಳು ಒತ್ತೊತ್ತಾಗಿರುವ ಜಾಗ ಹುಡುಕಿ, 200 ಪಟ್ಟು ವರ್ಧನೆಯಲ್ಲಿ ಎಣಿಸುವುದು. ನಾಳದ ಪೊಳ್ಳು ಕಾಣದಿದ್ದರೂ ಪ್ರತ್ಯೇಕವಾಗಿ ನಿಂತ ಒಂದು ಕಂದು ಕೋಶವನ್ನು ಒಂದು ನಾಳವೆಂದೇ ಲೆಕ್ಕ ಹಿಡಿಯಬೇಕು. ಜಾಗದ ಆಯ್ಕೆಯಲ್ಲಿ ಕಣ್ಣಿನ ಪಕ್ಷಪಾತ ನುಸುಳುವುದರಿಂದ ಸಹೋದ್ಯೋಗಿಯೊಬ್ಬರು ನನ್ನ ಲೆಕ್ಕ ನೋಡದೆ ಬೇರೆಯಾಗಿ ಎಣಿಸಿದರು.

ನಿಜವಾದ ತಲೆನೋವು ಹಳೆಯ ರಕ್ತಸ್ರಾವದ್ದು. ಚೆಲ್ಲಿದ ರಕ್ತವನ್ನು ನುಂಗಿದ ಮ್ಯಾಕ್ರೋಫೇಜ್‌ನಲ್ಲಿ ಹೀಮೋಸಿಡೆರಿನ್ ಎಂಬ ಕಬ್ಬಿಣದ ವರ್ಣದ್ರವ್ಯ ಉಳಿಯುತ್ತದೆ. ಅದೂ ಕಂದು, ಸಿಡಿ68ರ ಬಣ್ಣವೂ ಕಂದು. ಸೂಕ್ಷ್ಮದರ್ಶಕದಲ್ಲಿ ಬೆಳಕು ಕೂಡಿಸುವ ಕಂಡೆನ್ಸರ್ ಇಳಿಸಿದರೆ ಹೀಮೋಸಿಡೆರಿನ್‌ನ ಒರಟು ಕಣಗಳು ಹೊನ್ನಿನಂತೆ ಮಿನುಗುತ್ತವೆ. ಆದರೂ ಅನುಮಾನ ಉಳಿದರೆ ಪಕ್ಕದ ಪದರಕ್ಕೆ ಕಬ್ಬಿಣ ಗುರುತಿಸುವ ಪರ್ಲ್ಸ್ ಬಣ್ಣ ಹಾಕುತ್ತಿದ್ದೆ. ಕಬ್ಬಿಣವಿದ್ದರೆ ನೀಲಿ ಬಂದೇ ಬರುತ್ತದೆ.

ನನಗೆ ಅಂಕಿಗಳಿಗಿಂತ ಜಾಗ ಮುಖ್ಯವೆನಿಸಿತು. ಮ್ಯಾಕ್ರೋಫೇಜ್‌ಗಳು ಗಡ್ಡೆಯ ಸತ್ತ ಭಾಗದ ಅಂಚಿಗೆ ಮುತ್ತಿಕೊಂಡಿದ್ದವು. ಆಮ್ಲಜನಕ ಸಾಲದ ಕೋಶಗಳು ಸೂಸುವ ರಾಸಾಯನಿಕಗಳು ಅವನ್ನು ಅಲ್ಲಿಗೆ ಸೆಳೆಯುತ್ತವೆ. ಹಾಗೆ ಬಂದ ಮ್ಯಾಕ್ರೋಫೇಜ್‌ಗಳು ನಾಳ ಬೆಳೆಸುವ ವಿಇಜಿಎಫ್ ಪ್ರೋಟೀನನ್ನು ತಾವೇ ಸ್ರವಿಸುತ್ತವೆ. ಎಂಎಂಪಿ-9 ಎಂಬ ಕಿಣ್ವದಿಂದ ಸುತ್ತಲಿನ ಅಂಗಾಂಶವನ್ನು ಕತ್ತರಿಸಿ, ಅಲ್ಲಿ ಅಂಟಿಕೊಂಡಿದ್ದ ವಿಇಜಿಎಫ್ ಅನ್ನೂ ಬಿಡಿಸುತ್ತವೆ. ಹೊಸ ನಾಳಗಳಿಲ್ಲದೆ ಗಡ್ಡೆ ಒಂದೆರಡು ಮಿಲಿಮೀಟರ್ ದಾಟದು ಎಂದು ಅಮೆರಿಕದ ಶಸ್ತ್ರವೈದ್ಯ ಜುಡಾ ಫೋಕ್‌ಮನ್ 1971ರಲ್ಲೇ ವಾದಿಸಿದ್ದರು.

ಆದರೆ ಸ್ಲೈಡ್ ತೋರಿಸುವುದು ನೆರೆಹೊರೆಯನ್ನು ಮಾತ್ರ, ಯಾರು ಯಾರನ್ನು ಕರೆದರೆಂದು ಅಲ್ಲ. ಅದಕ್ಕೆ ಇಲಿಗಳ ಪ್ರಯೋಗವೇ ಬೇಕು. ಮ್ಯಾಕ್ರೋಫೇಜ್‌ಗಳು ತೀರಾ ಕಡಿಮೆಯಿದ್ದ ಇಲಿಗಳ ಸ್ತನದ ಗಡ್ಡೆಗಳಲ್ಲಿ ನಾಳಗಳು ದಟ್ಟವಾಗುವುದು ತಡವಾಗಿತ್ತು. ಹಾಗಾಗಿ ನನ್ನ ಎಣಿಕೆಯನ್ನು ರೋಗಿಯ ವರದಿಯಲ್ಲಿ ಬರೆಯುವುದಿಲ್ಲ. ಅದನ್ನು ನೋಡಿ ಯಾರ ಚಿಕಿತ್ಸೆಯೂ ಬದಲಾಗುವುದಿಲ್ಲ.